ನೂರು ಅಡಿ ನೀರು, ಮೂವತ್ತು ಡಿಗ್ರಿ ಕೋನ

ಮುಂಗಾರು ಹಿಡಿದ ಮೇಲೆ ನಮ್ಮ ಕಡೆ ಇಬ್ಬರು ಎದುರಾದರೆ ಮೊದಲ ಮಾತು ಕಟ್ಟೆಯದ್ದು. 'ಕಟ್ಟೆ ಎಷ್ಟಾಯ್ತಣ್ಣ?' 'ನೂರಾ ಎಂಟು. ಕೊಡಗಲ್ಲಿ ಮಳೆ ಬಿಟ್ಟಿಲ್ಲ, ಇನ್ನೊಂದು ವಾರಕ್ಕೆ ಹದಿನೈದು ದಾಟ್ತದೆ.' ಶ್ರೀರಂಗಪಟ್ಟಣದಲ್ಲಾಗಲಿ ಪಾಂಡವಪುರದಲ್ಲಾಗಲಿ ಈ ಮಾತಿಗೆ ಪೀಠಿಕೆ ಬೇಕಿಲ್ಲ. ಕಟ್ಟೆ ಅಂದರೆ ಕನ್ನಂಬಾಡಿ ಕಟ್ಟೆ, ಕೃಷ್ಣರಾಜಸಾಗರ. ಪತ್ರಿಕೆಯ ಮೂಲೆಯಲ್ಲಿ ದಿನವೂ ಅದರ ಲೆಕ್ಕ ಬರುತ್ತದೆ: ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು ಅಡಿ, ಸಂಗ್ರಹ ಇಷ್ಟು ಟಿಎಂಸಿ, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು ಕ್ಯೂಸೆಕ್. ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ ಎಂಬ ಚಿಂತೆಯಲ್ಲಿರುವ ರೈತ ಈ ಅಂಕಿಗಳನ್ನು ಮಗನ ಕೈಲಿ ಓದಿಸಿ ಕೇಳುತ್ತಾನೆ. ಹೈಸ್ಕೂಲಿನ ಮಕ್ಕಳಿಗೆ ಗಣಿತ ಹೇಳಿಕೊಡುವ ನನ್ನಂಥವನಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಕ್ಕಿಲ್ಲ.

ಹತ್ತನೇ ತರಗತಿಯ ಮಕ್ಕಳ ಮುಂದೆ ಒಂದು ಪ್ರಶ್ನೆ ಇಡುತ್ತೇನೆ. ಕಟ್ಟೆ ತುಂಬಿದಾಗ, ಅಂದರೆ 124.80 ಅಡಿಗೆ, 49.452 ಟಿಎಂಸಿ ನೀರು ನಿಲ್ಲುತ್ತದೆ. ಹಾಗಾದರೆ 100 ಅಡಿ ಇದ್ದಾಗ ಎಷ್ಟು ನೀರು? ಮಕ್ಕಳು ತಕ್ಷಣ ತ್ರೈರಾಶಿ ಹಾಕುತ್ತಾರೆ. ನೂರರಿಂದ ಗುಣಿಸಿ, 124.80ರಿಂದ ಭಾಗಿಸಿ, ಸುಮಾರು ನಲವತ್ತು ಟಿಎಂಸಿ ಎನ್ನುತ್ತಾರೆ. ಗುಣಾಕಾರ ಭಾಗಾಕಾರ ಎಲ್ಲವೂ ಸರಿ, ಉತ್ತರ ಮಾತ್ರ ತಪ್ಪು. ಹಳೆಯ ಪತ್ರಿಕೆಗಳನ್ನು ತೆಗೆದು ನೋಡಿದರೆ ನೂರು ಅಡಿಯ ದಿನ ಕಟ್ಟೆಯಲ್ಲಿ ಅರ್ಧದಷ್ಟೂ ನೀರು ಇರುವುದಿಲ್ಲ. ಇಪ್ಪತ್ತೆರಡು, ಇಪ್ಪತ್ತಮೂರು ಟಿಎಂಸಿಯ ಆಸುಪಾಸು. ಕೆಳಗಿನ ನೂರು ಅಡಿ ಹಿಡಿಯುವ ನೀರಿಗಿಂತ ಮೇಲಿನ ಇಪ್ಪತ್ತನಾಲ್ಕು ಮುಕ್ಕಾಲು ಅಡಿ ಹಿಡಿಯುವ ನೀರೇ ಹೆಚ್ಚು.

ಯಾಕೆ ಎಂದು ಕೇಳಿದರೆ, ಹಿನ್ನೀರಿನ ಕಡೆಯ ಮಕ್ಕಳು ಪುಸ್ತಕ ನೋಡದೆ ಹೇಳುತ್ತಾರೆ. ಕೆ.ಆರ್.ಪೇಟೆ ತಾಲ್ಲೂಕಿನ ವರಾಹನಾಥ ಕಲ್ಲಹಳ್ಳಿಯ ಆಚೀಚೆಗೆ ಹೋಗಿ ನೋಡಿದವರಿಗೆ ಗೊತ್ತು: ಕಟ್ಟೆ ತುಂಬುವ ಹೊತ್ತಿಗೆ ನೀರು ಮೇಲಕ್ಕೆ ಏರುವುದಕ್ಕಿಂತ ಅಗಲಕ್ಕೆ ಹರಡುತ್ತದೆ. ತಳದಲ್ಲಿ ಹೊಳೆಯ ಪಾತ್ರ ಕಿರಿದು, ಮೇಲೆ ಹೊಲ ಗದ್ದೆಗಳ ಬಯಲು. ಹಾಗಾಗಿ ಒಂದೊಂದು ಅಡಿಗೂ ಬೇರೆ ಬೇರೆ ಬೆಲೆ. ಅಷ್ಟಾದರೂ, ಅಡಿ ಇಷ್ಟು ಎಂದು ಗೊತ್ತಾದ ಕೂಡಲೇ ಟಿಎಂಸಿ ಇಷ್ಟೇ ಎಂದು ಹೇಳಬಹುದು. ನೀರಾವರಿ ಇಲಾಖೆಯವರ ಹತ್ತಿರ ಅದರ ಪಟ್ಟಿಯೇ ಇದೆ. ಒಂದು ಅಂಕಿ ಕೊಟ್ಟರೆ ಇನ್ನೊಂದು ಅಂಕಿ, ಒಂದೇ ಒಂದು ಅಂಕಿ, ನಿಶ್ಚಿತವಾಗಿ ಸಿಗುತ್ತದೆ. ಗಣಿತದವರು ಫಂಕ್ಷನ್ ಎನ್ನುವುದು ಇದನ್ನೇ. ಎರಡರಷ್ಟು ಕೊಟ್ಟರೆ ಎರಡರಷ್ಟು ಬರಲೇಬೇಕು ಎಂಬ ಕಟ್ಟಳೆ ಅದಕ್ಕಿಲ್ಲ.

ಈ ಕೊನೆಯ ಮಾತು ಮಕ್ಕಳ ತಲೆಗೆ ಇಳಿಯದೆ ಇದ್ದರೆ ತ್ರಿಕೋನಮಿತಿ ಹತ್ತುವುದಿಲ್ಲ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇಷ್ಟನ್ನೇ.

ನಮ್ಮ ಪಠ್ಯಕ್ರಮದ ಅನುಕ್ರಮ ನೋಡಿ. ಹತ್ತನೇ ತರಗತಿಯಲ್ಲಿ ತ್ರಿಕೋನಮಿತಿಗೆ ಎರಡು ಅಧ್ಯಾಯ: ಒಂದು ಪ್ರಸ್ತಾವನೆ, ಇನ್ನೊಂದು ಅನ್ವಯ. ಸೈನ್, ಕಾಸ್, ಟ್ಯಾನ್ ಅಲ್ಲಿ ಬರುತ್ತವೆ. ಫಂಕ್ಷನ್ ಎಂದರೇನು ಎಂಬುದು ಬರುವುದು ಪಿಯುಸಿ ಮೊದಲ ವರ್ಷದಲ್ಲಿ. ಅಂದರೆ ಮಗು ಒಂದು ವರ್ಷ ಕಾಲ ಫಂಕ್ಷನ್ನನ್ನು ಬಳಸುತ್ತದೆ, ಅದು ಏನೆಂದು ಗೊತ್ತಿಲ್ಲದೆ. ಈ ಒಂದು ವರ್ಷದಲ್ಲಿ ಏನೇನು ತಪ್ಪು ಅಭ್ಯಾಸ ಬೀಳುತ್ತದೋ ಅದನ್ನು ಬಿಡಿಸುವುದಕ್ಕೆ ಪಿಯುಸಿಯಲ್ಲಿ ಯಾರಿಗೂ ಪುರಸೊತ್ತಿರುವುದಿಲ್ಲ.

ಆ ತಪ್ಪು ಅಭ್ಯಾಸ ಹೇಗಿರುತ್ತದೆ ಎಂದು ತೋರಿಸುತ್ತೇನೆ. ಸೈನ್ 60 ಡಿಗ್ರಿಯನ್ನು ಸೈನ್ 30 ಡಿಗ್ರಿಯಿಂದ ಭಾಗಿಸಿ ಎಂದು ಹಲಗೆಯ ಮೇಲೆ ಬರೆಯುತ್ತೇನೆ. ಹುಡುಗ ಎದ್ದು ಬರುತ್ತಾನೆ. ಮೇಲಿನ ಸೈನ್‌ಗೆ ಒಂದು ಗೀಟು, ಕೆಳಗಿನ ಸೈನ್‌ಗೆ ಒಂದು ಗೀಟು. 'ಸೈನ್‌ಗೆ ಸೈನ್ ಹೊಡೆದೋಯ್ತು ಸಾ. ಅರವತ್ತು ಬೈ ಮೂವತ್ತು, ಎರಡು ಬತ್ತದೆ.' ಇದೇ ಹುಡುಗನನ್ನು ಸೈನ್ 30 ಎಷ್ಟು ಎಂದು ಕೇಳಿದರೆ ಅರ್ಧ ಎನ್ನುತ್ತಾನೆ. ಸೈನ್ 60 ಕೇಳಿದರೆ ರೂಟ್ ಮೂರು ಬೈ ಎರಡು ಎನ್ನುತ್ತಾನೆ. ಕೋಷ್ಟಕ ಬಾಯಿಗೆ ಬಂದಿದೆ. ಆದರೆ ಭಾಗಿಸು ಎಂದಾಗ ಕೈ ಕೋಷ್ಟಕದ ಕಡೆ ಹೋಗುವುದಿಲ್ಲ, ಹೊಡೆದು ಹಾಕುವ ಕಡೆ ಹೋಗುತ್ತದೆ. ಅವನ ಕಣ್ಣಿಗೆ ಸೈನ್ ಎಂಬುದು ಮೂವತ್ತರ ಪಕ್ಕದಲ್ಲಿ ನಿಂತು ಅದನ್ನು ಗುಣಿಸುತ್ತಿರುವ ಒಂದು ಅಕ್ಷರ. ಸೈನ್ ಎ ಪ್ಲಸ್ ಬಿ ಎಂದರೆ ಸೈನ್ ಎ ಪ್ಲಸ್ ಸೈನ್ ಬಿ ಎಂದು ಬಿಡಿಸುವುದೂ ಇದೇ ಕಾಯಿಲೆಯ ಇನ್ನೊಂದು ಲಕ್ಷಣ.

ಅದು ದಡ್ಡತನವಲ್ಲ. ಆ ಹುಡುಗ ಹುಟ್ಟಿದಾಗಿನಿಂದ ಕಂಡಿರುವ ಲೆಕ್ಕವೆಲ್ಲ ಗುಣಾಕಾರದ್ದೇ. ಕಾರ್ಖಾನೆಗೆ ಒಂದು ಟನ್ ಕಬ್ಬಿಗೆ ಇಷ್ಟು, ಎರಡು ಟನ್ನಿಗೆ ಅದರ ಎರಡರಷ್ಟು. ಡೈರಿಗೆ ಅದೇ ಹಾಲನ್ನು ಐದು ಲೀಟರ್ ಹಾಕಿದರೆ ಇಷ್ಟು, ಹತ್ತು ಲೀಟರ್ ಹಾಕಿದರೆ ಎರಡರಷ್ಟು. ಕೆಳಗಿನ ತರಗತಿಗಳಿಂದಲೇ ಅನುಪಾತ, ತ್ರೈರಾಶಿ ಎಂದು ಶಾಲೆಯೂ ಅದನ್ನೇ ಗಟ್ಟಿಮಾಡಿದೆ. ಲೋಕವೆಲ್ಲ ನೇರ ಗೆರೆಯಲ್ಲಿ ನಡೆಯುತ್ತದೆ ಎಂದು ಅವನು ನಂಬಿದ್ದರೆ ಅದಕ್ಕೆ ಕಾರಣವಿದೆ. ಆ ನಂಬಿಕೆಯನ್ನು ಬೈದು ಓಡಿಸಲು ಆಗುವುದಿಲ್ಲ. ಅವನಿಗೆ ಗೊತ್ತಿರುವ ಇನ್ನೊಂದು ವಸ್ತುವನ್ನೇ ಮುಂದಿಟ್ಟು ಅಲ್ಲಾಡಿಸಬೇಕು. ಅದಕ್ಕೇ ಕಟ್ಟೆ. 'ನೂರು ಅಡಿ ನೀರನ್ನು ಐವತ್ತು ಅಡಿ ನೀರಿನಿಂದ ಭಾಗಿಸಿದರೆ ಎರಡು ಬರುತ್ತದೇನಪ್ಪ?' ಎಂದು ಕೇಳಿದಾಗ ಅವನು ಗೀಟು ಹಾಕಲು ಎತ್ತಿದ ಕೈ ಇಳಿಸುತ್ತಾನೆ. ಇಲ್ಲಿ ಮೊದಲು ನೂರು ಅಡಿಗೆ ಎಷ್ಟು ಟಿಎಂಸಿ ಎಂದು ನೋಡಬೇಕು, ಐವತ್ತು ಅಡಿಗೆ ಎಷ್ಟು ಎಂದು ನೋಡಬೇಕು, ಆಮೇಲೆ ಭಾಗಿಸಬೇಕು. ಸೈನ್‌ನಲ್ಲೂ ಹಾಗೆಯೇ: ಮೊದಲು ಕೋನಕ್ಕೆ ಬೆಲೆ ಕಟ್ಟು, ಆಮೇಲೆ ಬೇಕಾದ್ದು ಮಾಡು. ಸೈನ್ ಎಂಬುದು ಹಿಟ್ಟಿನ ಮಿಲ್ ಇದ್ದ ಹಾಗೆ. ಮೇಲಿನಿಂದ ರಾಗಿ ಸುರಿಯದಿದ್ದರೆ ಅದು ಬರೀ ಯಂತ್ರ, ಎರಡು ಮಿಲ್‌ಗಳನ್ನು ಒಂದಕ್ಕೊಂದು ಹೊಡೆದು ಹಾಕಿ ಹಿಟ್ಟಿನ ಲೆಕ್ಕ ಹೇಳಲು ಬರುವುದಿಲ್ಲ. ರೂಟ್ ಮೂರು ಬೈ ಎರಡನ್ನು ಅರ್ಧದಿಂದ ಭಾಗಿಸಿದರೆ ರೂಟ್ ಮೂರು, ಅಂದರೆ 1.73. ಕೋನ ಎರಡರಷ್ಟಾಯಿತು, ಸೈನ್ ಮಾತ್ರ ಎರಡರಷ್ಟಾಗಲಿಲ್ಲ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿ ಸಂಜೆ ಹೊತ್ತು ಪಾಠ ಹೇಳುತ್ತಿರುವವರಲ್ಲಿ ಹೆಚ್ಚಿನವರು ಬಿ.ಎಸ್ಸಿ., ಬಿ.ಎಡ್. ಮುಗಿಸಿ ನೇಮಕಾತಿಗೆ ಕಾಯುತ್ತಿರುವ ಹುಡುಗ ಹುಡುಗಿಯರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಕೆಲಸದಲ್ಲಿರುವ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ಅದು ಸರಿಯಾದ ಕಟ್ಟುಪಾಡೇ. ಆದ್ದರಿಂದ ಜಗುಲಿಯ ಮೇಲೆ ಹಲಗೆ ಒರಗಿಸಿಕೊಂಡು ಪಾಠ ಹೇಳುವ ಹೊಣೆ ಈ ತರುಣರ ಮೇಲೆ, ನನ್ನಂಥ ನಿವೃತ್ತರ ಮೇಲೆ ಬಿದ್ದಿದೆ. ಅವರ ಕಷ್ಟ ನನಗೆ ಗೊತ್ತು. ಡಿಸೆಂಬರ್ ದಾಟುತ್ತಿದ್ದ ಹಾಗೆ ತಂದೆತಾಯಿ ಬಂದು ಕೇಳುವುದು ಒಂದೇ: 'ನಮ್ ಮಗು ಪಾಸಾಯ್ತದಾ ಸಾರ್?' ಕೈಯಲ್ಲಿ ಪಾಸಿಂಗ್ ಪ್ಯಾಕೇಜ್ ಇರುತ್ತದೆ, ಯಾವ ಪ್ರಮೇಯ ಬರೆಯಬೇಕು, ಯಾವ ನಕ್ಷೆ ಎಳೆಯಬೇಕು ಎಂದು ಪಟ್ಟಿ ಇರುತ್ತದೆ. ಕೊನೆಯ ಬಸ್ಸು ಹೋಗುವುದರೊಳಗೆ ಹೆಣ್ಣುಮಕ್ಕಳನ್ನು ಕಳಿಸಬೇಕು. ಇಷ್ಟರ ನಡುವೆ ಕಟ್ಟೆಯ ಕತೆ ಹೇಳುತ್ತ ಕೂರಲು ಎಲ್ಲಿ ಸಮಯ ಎಂದು ಅವರು ಕೇಳಬಹುದು. ಒಂದು ಸಂಜೆ ಸಾಕು ಎನ್ನುತ್ತೇನೆ. ಆ ಒಂದು ಸಂಜೆ ಕೊಡದೆ ಹೋದರೆ ಮೂರು ತಿಂಗಳು ಕೋಷ್ಟಕ ಉರು ಹೊಡೆಸಿದ್ದು ಪರೀಕ್ಷೆಯ ಮಾರನೆಯ ದಿನ ಆವಿಯಾಗಿ ಹೋಗುತ್ತದೆ.

ಇನ್ನೊಂದು ಸಂಜೆಯನ್ನು ತೆಂಗಿನ ಮರಕ್ಕೆ ಕೊಡಿ. ನಾಗಮಂಗಲದ ಕಡೆ ತೆಂಗಿಗೆ ಬರವಿಲ್ಲ. ಬೇಕಾದ ಸಾಮಾನು ಜಾಮಿಟ್ರಿ ಬಾಕ್ಸಿನಲ್ಲೇ ಇದೆ. ಕೋನಮಾಪಕದ ನಡುವಿನ ತೂತಿಗೆ ಒಂದು ದಾರ ಕಟ್ಟಿ, ದಾರದ ತುದಿಗೆ ಒಂದು ಕಬ್ಬಿಣದ ನಟ್ ಕಟ್ಟಿ. ಕೋನಮಾಪಕದ ನೇರ ಅಂಚಿಗೆ ರೀಫಿಲ್ ತೆಗೆದ ಪೆನ್ನಿನ ಕೊಳವೆಯನ್ನು ಅಂಟಿಸಿ. ಹಗ್ಗದಲ್ಲಿ ಅಳೆದು ಮರದ ಬುಡದಿಂದ ಇಪ್ಪತ್ತು ಮೀಟರ್ ದೂರ ನಿಲ್ಲಿ. ಕೊಳವೆಯಲ್ಲಿ ಮರದ ಸುಳಿ ಕಾಣುವ ಹಾಗೆ ಕೋನಮಾಪಕವನ್ನು ಎತ್ತಿ ಹಿಡಿದರೆ ದಾರ ನೆಟ್ಟಗೆ ಕೆಳಗೆ ಬಿದ್ದು ಒಂದು ಅಂಕಿಯ ಮೇಲೆ ನಿಲ್ಲುತ್ತದೆ. ಪಕ್ಕದ ಹುಡುಗಿ ಅದನ್ನು ಓದಿ ಬರೆದುಕೊಳ್ಳಬೇಕು.

ಅಂಕಿ ಅರವತ್ತು ಎಂದಿಟ್ಟುಕೊಳ್ಳಿ. ಮಕ್ಕಳು ಮೊದಲ ಸಲ ಮಾಡುವ ಲೆಕ್ಕ ಹೀಗಿರುತ್ತದೆ: ಟ್ಯಾನ್ 60 ಅಂದರೆ 1.73, ಇಪ್ಪತ್ತರಿಂದ ಗುಣಿಸಿದರೆ 34.6 ಮೀಟರ್, ಕಣ್ಣಿನ ಮಟ್ಟದ ಒಂದೂವರೆ ಮೀಟರ್ ಸೇರಿಸಿದರೆ 36 ಮೀಟರ್. ಆಗ ಮರ ಹತ್ತಿ ಅಭ್ಯಾಸವಿರುವ ಹುಡುಗ ಒಬ್ಬನಾದರೂ ಇದ್ದೇ ಇರುತ್ತಾನೆ. 'ಮೂವತ್ತಾರು ಮೀಟರ್ ಅಂದ್ರೆ ನೂರಾ ಇಪ್ಪತ್ತು ಅಡಿ ಆಯ್ತಲ್ಲಾ ಸಾ. ಈ ಮರ ಅಷ್ಟಿಲ್ಲ. ನಲವತ್ತು ಅಡಿ ಮೇಲೆ ಒಂದೆರಡಡಿ ಇರ್ಬೇಕು.' ಹಲಗೆಯ ಮೇಲಿನ ಉತ್ತರವನ್ನು ಕೈಕಾಲಿಗೆ ಗೊತ್ತಿರುವ ಉತ್ತರ ಪ್ರಶ್ನಿಸುವ ಗಳಿಗೆ ಇದು. ಗಣಿತದ ಮೇಷ್ಟರಿಗೆ ಇದಕ್ಕಿಂತ ಹೆಚ್ಚಿನ ಸಂತೋಷ ನನಗೆ ಗೊತ್ತಿಲ್ಲ. ಎಲ್ಲರೂ ಮತ್ತೆ ಕೋನಮಾಪಕದ ಕಡೆ ನೋಡುತ್ತಾರೆ. ದಾರ ತೋರಿಸಿದ್ದು ನೆಲದಿಂದ ಮೇಲಕ್ಕೆ ಇರುವ ಕೋನವಲ್ಲ, ಲಂಬದಿಂದ ಅಳೆದ ಕೋನ ಎಂದು ಯಾರೋ ಕಂಡುಹಿಡಿಯುತ್ತಾರೆ. ತೊಂಬತ್ತರಲ್ಲಿ ಅರವತ್ತು ಕಳೆದರೆ ಉನ್ನತ ಕೋನ ಮೂವತ್ತು. ಟ್ಯಾನ್ 30 ಅಂದರೆ 0.577. ಇಪ್ಪತ್ತರಿಂದ ಗುಣಿಸಿ ಒಂದೂವರೆ ಸೇರಿಸಿದರೆ 13 ಮೀಟರ್, ನಲವತ್ತಮೂರು ಅಡಿಗೆ ಸ್ವಲ್ಪ ಕಡಿಮೆ. ಹತ್ತಿದವನ ಅಂದಾಜಿಗೆ ಸರಿಹೋಯಿತು. ಪೂರಕ ಕೋನಗಳ ಪಾಠವನ್ನು ಇನ್ನು ಬೇರೆಯಾಗಿ ಮಾಡಬೇಕಾಗಿಲ್ಲ.

ಇಲ್ಲಿಗೆ ಬಿಡಬೇಡಿ. 'ಕೋನ ಓದುವಾಗ ಒಂದು ಡಿಗ್ರಿ ತಪ್ಪಿದ್ದರೆ?' ಎಂದು ಕೇಳಿ. ಮೂವತ್ತರ ಬದಲು ಮೂವತ್ತೊಂದು ಎಂದು ಓದಿದ್ದರೆ ಎತ್ತರದಲ್ಲಿ ಸುಮಾರು 47 ಸೆಂಟಿಮೀಟರ್ ವ್ಯತ್ಯಾಸ. ಅಷ್ಟೇ ದೂರದಿಂದ ಅರವತ್ತು ಡಿಗ್ರಿಯಲ್ಲಿ ಕಾಣುವ ಒಂದು ಗೋಪುರವನ್ನು ಅರವತ್ತೊಂದು ಎಂದು ಓದಿದ್ದರೆ ಒಂದು ಮೀಟರ್ 44 ಸೆಂಟಿಮೀಟರ್. ತಪ್ಪು ಅದೇ ಒಂದು ಡಿಗ್ರಿ, ದಂಡ ಮೂರರಷ್ಟು. ಕಟ್ಟೆಯಲ್ಲಿ ಮೇಲಿನ ಒಂದಡಿಗೆ ಕೆಳಗಿನ ಒಂದಡಿಗಿಂತ ಹೆಚ್ಚು ಬೆಲೆ ಇದ್ದಂತೆ ಟ್ಯಾನ್‌ನಲ್ಲಿ ಮೇಲಿನ ಒಂದು ಡಿಗ್ರಿಗೆ ಕೆಳಗಿನದಕ್ಕಿಂತ ಹೆಚ್ಚು ಬೆಲೆ. 89 ಡಿಗ್ರಿಗೆ ಹೋದರೆ ಟ್ಯಾನ್ 57 ದಾಟುತ್ತದೆ. ತೊಂಬತ್ತಕ್ಕೆ ಬಂದರೆ ಬೆಲೆಯೇ ಇಲ್ಲ. ಕೋಷ್ಟಕದಲ್ಲಿ ಆ ಮನೆ ಖಾಲಿ ಯಾಕೆ ಎಂದು ಪ್ರತಿ ವರ್ಷ ಯಾವುದಾದರೂ ಮಗು ಕೇಳುತ್ತದೆ. ಕನ್ನಂಬಾಡಿ ಕಟ್ಟೆಯ ಎತ್ತರ 130 ಅಡಿ. 140 ಅಡಿಗೆ ಎಷ್ಟು ನೀರು ಎಂದು ಇಲಾಖೆಯ ಪಟ್ಟಿಯಲ್ಲಿ ಹುಡುಕಿದರೆ ಸಿಗುತ್ತದೆಯೇ? ಎಲ್ಲ ಪಟ್ಟಿಗೂ ಒಂದು ಎಲ್ಲೆ ಇದೆ. ಯಾವ ಅಂಕಿಗೆ ಉತ್ತರವುಂಟು, ಯಾವುದಕ್ಕೆ ಇಲ್ಲ ಎಂದು ತಿಳಿಯುವುದೂ ಫಂಕ್ಷನ್ನಿನ ಭಾಗವೇ.

ಮರದ ಬುಡಕ್ಕೆ ಹಗ್ಗ ಹಿಡಿಯಬಹುದು. ಪಾಂಡವಪುರದ ಕುಂತಿಬೆಟ್ಟದ ತುದಿಯ ನೇರ ಕೆಳಗೆ, ಬಂಡೆಯ ಹೊಟ್ಟೆಯೊಳಕ್ಕೆ ಹಗ್ಗ ಹಿಡಿಯುವುದು ಹೇಗೆ? ಶ್ರೀರಂಗಪಟ್ಟಣದ ಕರಿಘಟ್ಟದ ತುದಿಗೆ? ಅಲ್ಲಿ ಎರಡು ಕಡೆಯಿಂದ ನೋಡಬೇಕು. ಲೆಕ್ಕಕ್ಕೆಂದು ಇಟ್ಟುಕೊಳ್ಳಿ: ಒಂದು ಜಾಗದಿಂದ ತುದಿ ಮೂವತ್ತು ಡಿಗ್ರಿಯಲ್ಲಿ ಕಾಣುತ್ತದೆ, ಬೆಟ್ಟದ ಕಡೆಗೆ ನೇರವಾಗಿ ನೂರು ಮೀಟರ್ ನಡೆದ ಮೇಲೆ ನಲವತ್ತೈದರಲ್ಲಿ ಕಾಣುತ್ತದೆ. ಎತ್ತರವನ್ನು 1.732ರಲ್ಲಿ ಒಂದು ಕಳೆದು ಉಳಿದ 0.732ರಿಂದ ಗುಣಿಸಿದರೆ ನೂರು ಬರಬೇಕು; ಆದ್ದರಿಂದ ಎತ್ತರ ಸುಮಾರು 137 ಮೀಟರ್. ಹೋಗಲಾಗದ ಜಾಗದ ಅಳತೆ, ನಡೆದ ನೂರು ಮೀಟರಿನಿಂದ ಬಂತು.

ಈ ಲೆಕ್ಕ ಈ ನೆಲದಲ್ಲೇ ದೊಡ್ಡ ಕತೆಯೊಂದಕ್ಕೆ ಮೊದಲಾಯಿತು. 1799ರ ಏಪ್ರಿಲ್. ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣಕ್ಕೆ ಇಂಗ್ಲಿಷರ ಸೈನ್ಯ ಮುತ್ತಿಗೆ ಹಾಕಲು ಬಂದಿತ್ತು. ಒಂದು ರಾತ್ರಿ ಜನರಲ್ ಬೇರ್ಡ್‌ನ ತುಕಡಿ ಕತ್ತಲಲ್ಲಿ ದಾರಿ ತಪ್ಪಿ ತನ್ನ ಬಿಡಾರಕ್ಕೆ ಹೋಗುವ ಬದಲು ಟಿಪ್ಪುವಿನ ಸೈನ್ಯದ ಕಡೆಗೇ ನಡೆಯತೊಡಗಿತು. 33ನೇ ರೆಜಿಮೆಂಟಿನ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ನಕ್ಷತ್ರಗಳನ್ನು ನೋಡಿ ದಿಕ್ಕು ತಪ್ಪಿದೆ ಎಂದು ಎಚ್ಚರಿಸಿದ. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಮಡಿದ. ಗೆದ್ದ ರಾಜ್ಯವನ್ನು ಅಳೆದು ಹಿಡಿದುಕೊಳ್ಳಬೇಕೆಂಬ ಆಳುವವರ ಆಸೆಯ ಜೊತೆಗೆ ಭೂಮಿಯ ಆಕಾರವನ್ನೇ ಅಳೆಯಬೇಕೆಂಬ ಲ್ಯಾಂಬ್ಟನ್‌ನ ಆಸೆ ಸೇರಿಕೊಂಡಿತು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು ಏಳೂವರೆ ಮೈಲಿಯ ಒಂದು ಗೆರೆಯನ್ನು ಸರಪಣಿ ಹಿಡಿದು ಅಳೆದರು. ಅಲ್ಲಿಂದ ಮುಂದೆ ಬೆಟ್ಟದಿಂದ ಬೆಟ್ಟಕ್ಕೆ ಕೋನಗಳೇ. ತ್ರಿಭುಜಕ್ಕೆ ತ್ರಿಭುಜ ಹೆಣೆಯುತ್ತ ಮೈಸೂರು ಸೀಮೆಯನ್ನು ದಾಟಿ ಮಂಗಳೂರಿನ ಕಡಲಂಚಿಗೆ ಬಂದಾಗ, ನಕ್ಷೆಗಳಲ್ಲಿ ನಾನೂರು ಮೈಲಿ ಎಂದಿದ್ದ ಅಗಲ ನಿಜವಾಗಿ ಮುನ್ನೂರ ಅರವತ್ತು ಮೈಲಿ ಎಂದು ತಿಳಿಯಿತು. ನಲವತ್ತು ಮೈಲಿ ನೆಲ ಕಾಗದದ ಮೇಲೆ ಮಾತ್ರ ಇತ್ತು. ಲ್ಯಾಂಬ್ಟನ್ 1823ರಲ್ಲಿ ಹಿಂಗಣಘಾಟ್‌ನಲ್ಲಿ, ಅಳೆಯುತ್ತಿರುವಾಗಲೇ ತೀರಿಕೊಂಡ. ಯುದ್ಧದಿಂದ ಹುಟ್ಟಿದ ಕೆಲಸ ಎಂಬುದನ್ನು ಮಕ್ಕಳಿಂದ ಮುಚ್ಚಿಡಬಾರದು. ಅವನು ಬಳಸಿದ ಲೆಕ್ಕ ತಮ್ಮ ಪಠ್ಯಪುಸ್ತಕದ ಅನ್ವಯದ ಅಧ್ಯಾಯದಲ್ಲಿದೆ ಎಂಬುದನ್ನೂ ಹೇಳದೆ ಬಿಡಬಾರದು.

ಮತ್ತೆ ಜಗುಲಿಯ ಮಾತಿಗೆ ಬರೋಣ. ಮನೆಪಾಠ ಎಂದರೆ ಕೆಲಸ ಸಿಗದವರ ಕೆಲಸ ಎಂದು ಕೆಲವರು ಸಣ್ಣದಾಗಿ ಮಾತಾಡುತ್ತಾರೆ. ಕನ್ನಂಬಾಡಿ ಕಟ್ಟಿಸಿದ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದು ಕೊಡಗಿನವರೊಬ್ಬರ ಮನೆಯ ಮಕ್ಕಳಿಗೆ ಪಾಠ ಹೇಳಿ, ಅದರಿಂದ ಬಂದದ್ದರಲ್ಲಿ ಹೊಟ್ಟೆ ಹೊರೆದುಕೊಂಡು. ಜಗುಲಿಯಲ್ಲಿ ಪಾಠ ಹೇಳುವ ತರುಣರು ಇದನ್ನು ನೆನಪಿನಲ್ಲಿಟ್ಟುಕೊಳ್ಳಲಿ.

ಇನ್ನು ಪಿಯುಸಿ. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ ಸೈನ್ಸ್ ತೆಗೆದುಕೊಂಡ ಮಗುವಿಗೆ ಒಂದೇ ವಾರದಲ್ಲಿ ಎರಡು ಪೆಟ್ಟು ಬೀಳುತ್ತದೆ. ಪಾಠ ಇಂಗ್ಲಿಷಿನಲ್ಲಿ, ಮತ್ತು ಕೋನ ತೊಂಬತ್ತು ದಾಟಿ ಹೋಗುತ್ತದೆ. ಮೊದಲನೆಯದಕ್ಕೆ ಒಂಬತ್ತನೇ ತರಗತಿಯಿಂದಲೇ ಎರಡೂ ಭಾಷೆಯ ಹೆಸರುಗಳನ್ನು ಜೊತೆಯಾಗಿ ಹೇಳಿಕೊಡುವುದೊಂದೇ ಮದ್ದು. ಅಭಿಮುಖ ಬಾಹು, ವಿಕರ್ಣ ಎಂದು ಕಲಿತದ್ದು ಹೆಸರು ಬದಲಾದ ಮಾತ್ರಕ್ಕೆ ಸುಳ್ಳಾಗುವುದಿಲ್ಲ. ಹೊಯ್ಸಳರ ಕಾಲದಲ್ಲೇ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲಿ ಬರೆದಿದ್ದಾನೆ. ಆ ಭಾಷೆಯಲ್ಲಿ ಗಣಿತ ಕಲಿತ ಮಗು ಯಾರ ಮುಂದೂ ಕುಗ್ಗಬೇಕಾಗಿಲ್ಲ.

ಎರಡನೆಯ ಪೆಟ್ಟು ಹೆಚ್ಚು ನೋಯಿಸುತ್ತದೆ. 'ಲಂಬಕೋನ ತ್ರಿಭುಜದಲ್ಲಿ ನೂರೈವತ್ತು ಡಿಗ್ರಿ ಕೋನ ಎಲ್ಲಿಂದ ಬರ್ತದೆ ಸಾರ್?' ಎಂದು ಮಗು ಕೇಳುವುದು ನ್ಯಾಯವೇ. ತ್ರಿಭುಜದಿಂದ ಹೊರಗೆ ಬರಲು ಜಾತ್ರೆಗೆ ಹೋಗಬೇಕು. ಕೆ.ಆರ್.ಪೇಟೆಯ ಕಡೆಯವರು ಹೇಮಗಿರಿ ಜಾತ್ರೆಯನ್ನು ನೆನೆಯಲಿ. ಅಲ್ಲಿ ಒಂದು ಜೈಂಟ್ ವೀಲ್ ಬಂದಿದೆ, ನಡುವಿನಿಂದ ತೊಟ್ಟಿಲಿಗೆ ಹತ್ತು ಮೀಟರ್ ಎಂದು ಊಹಿಸಿಕೊಳ್ಳಿ. ತೊಟ್ಟಿಲು ನಡುಮಟ್ಟದಲ್ಲಿದ್ದಾಗ ಲೆಕ್ಕ ಶುರು. ಚಕ್ರ ಮೂವತ್ತು ಡಿಗ್ರಿ ತಿರುಗಿದರೆ ನೀವು ಐದು ಮೀಟರ್ ಮೇಲೆ. ಇನ್ನೂ ಮೂವತ್ತು ತಿರುಗಿದರೆ ಇನ್ನೂ ಐದು ಏರಬೇಕಲ್ಲ ಎಂದುಕೊಂಡರೆ, ಇಲ್ಲ, ಏರುವುದು 3.66 ಮೀಟರ್ ಮಾತ್ರ. ಕೊನೆಯ ಮೂವತ್ತಕ್ಕೆ 1.34. ತುದಿಗೆ ಬಂದಾಗ ಏರಿಕೆ ನಿಧಾನವಾಗಿ, ಹೊಟ್ಟೆಯಲ್ಲಿ ಒಂದು ತರಹ ಆಗುತ್ತದಲ್ಲ, ಅದು ಸೈನ್‌ನ ನಡಿಗೆ. ಟ್ಯಾನ್ ಮೇಲೆ ಹೋದಂತೆ ಕಡಿದಾಗುತ್ತದೆ, ಸೈನ್ ಚಪ್ಪಟೆಯಾಗುತ್ತದೆ. ಚಕ್ರ ಇನ್ನೂ ತಿರುಗಿ ನೂರೈವತ್ತಕ್ಕೆ ಬಂದಾಗ ನೀವು ಮತ್ತೆ ಐದು ಮೀಟರ್ ಎತ್ತರದಲ್ಲಿದ್ದೀರಿ, ಆದರೆ ಆಚೆ ಬದಿಯಲ್ಲಿ, ಇಳಿಯುತ್ತ. ಸೈನ್ 150, ಸೈನ್ 30 ಎರಡೂ ಅರ್ಧ ಎಂದು ಇನ್ನು ಉರು ಹೊಡೆಯಬೇಕಿಲ್ಲ.

ಇದರಿಂದ ಇನ್ನೊಂದು ಮುಖ್ಯ ವಿಷಯ ಸಿಗುತ್ತದೆ. ಕಟ್ಟೆಯಲ್ಲಿ ಟಿಎಂಸಿ ಹೇಳಿದರೆ ಅಡಿಯನ್ನು ಹಿಂದಕ್ಕೆ ಓದಬಹುದು. ಒಂದು ಟಿಎಂಸಿಗೆ ಒಂದೇ ಅಡಿ. ಚಕ್ರದಲ್ಲಿ ಐದು ಮೀಟರ್ ಎತ್ತರ ಎಂದಷ್ಟೇ ಹೇಳಿದರೆ ಮೂವತ್ತೋ ನೂರೈವತ್ತೋ ತಿಳಿಯುವುದಿಲ್ಲ. ಪಿಯುಸಿ ಎರಡನೇ ವರ್ಷದಲ್ಲಿ ವಿಲೋಮ ತ್ರಿಕೋನಮಿತಿಯ ಅಧ್ಯಾಯದಲ್ಲಿ ಕೋನಕ್ಕೆ ಇಂತಿಷ್ಟರಿಂದ ಇಂತಿಷ್ಟರವರೆಗೆ ಎಂದು ಎಲ್ಲೆ ಹಾಕುತ್ತಾರೆ. ಅದು ಪರೀಕ್ಷೆ ಕಷ್ಟ ಮಾಡಲು ಹಾಕಿದ್ದಲ್ಲ. ಏರುವ ಬದಿಯೋ ಇಳಿಯುವ ಬದಿಯೋ ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳದಿದ್ದರೆ ಉತ್ತರ ಎರಡಾಗುತ್ತದೆ.

ಕಡೆಯದಾಗಿ ಒಂದು ಕೆಲಸ ಹೇಳುತ್ತೇನೆ. ಇದನ್ನು ನಾಲ್ಕೂ ತಾಲ್ಲೂಕಿನವರು ಸೇರಿಯೇ ಮಾಡಬೇಕು. ನಕ್ಷೆ ತೆಗೆದು ನೋಡಿ: ತೆಂಕಣದಿಂದ ಬಡಗಣಕ್ಕೆ ಮೊದಲು ಶ್ರೀರಂಗಪಟ್ಟಣ, ಆಮೇಲೆ ಪಾಂಡವಪುರ, ಆಮೇಲೆ ಕೆ.ಆರ್.ಪೇಟೆ, ಕೊನೆಗೆ ನಾಗಮಂಗಲ. ಶ್ರೀರಂಗಪಟ್ಟಣಕ್ಕೂ ನಾಗಮಂಗಲಕ್ಕೂ ಅಕ್ಷಾಂಶದಲ್ಲಿ ಸುಮಾರು 0.4 ಡಿಗ್ರಿ ವ್ಯತ್ಯಾಸ. ಏಪ್ರಿಲ್ 22, 23ರ ಸುಮಾರಿಗೆ ಮಧ್ಯಾಹ್ನ ಹನ್ನೆರಡೂ ಇಪ್ಪತ್ತರ ಆಚೀಚೆ ಶ್ರೀರಂಗಪಟ್ಟಣದಲ್ಲಿ ಸೂರ್ಯ ನೆತ್ತಿಗೆ ಸರಿಯಾಗಿ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕಂಬಕ್ಕೆ ನೆರಳಿರುವುದಿಲ್ಲ. ಕಂಬದ ಎತ್ತರವನ್ನು ನೆರಳಿನ ಉದ್ದದಿಂದ ಭಾಗಿಸಿದರೆ ಸೂರ್ಯನ ಉನ್ನತ ಕೋನದ ಟ್ಯಾನ್. ನೆರಳೇ ಸೊನ್ನೆಯಾದರೆ ಯಾವುದರಿಂದ ಭಾಗಿಸುವುದು? ಕೋಷ್ಟಕದ ಆ ಖಾಲಿ ಮನೆಯನ್ನು ಮಕ್ಕಳು ಅಂಗಳದಲ್ಲೇ ಕಾಣಬಹುದು. ನಾಗಮಂಗಲಕ್ಕೆ ಈ ಗಳಿಗೆ ಬರುವುದು ಸುಮಾರು ಒಂದು ದಿನ ತಡವಾಗಿ. ಆಗಸ್ಟ್ ಮೂರನೆಯ ವಾರದಲ್ಲಿ ಸೂರ್ಯ ಹಿಂದಿರುಗುವಾಗ ಸರದಿ ತಿರುಗುಮುರುಗು, ಮೊದಲು ನಾಗಮಂಗಲ. ಆಗ ಮೋಡದ ಕಾಟ ಜಾಸ್ತಿ, ಏಪ್ರಿಲ್ ಒಳ್ಳೆಯದು.

ಶ್ರೀರಂಗಪಟ್ಟಣದಲ್ಲಿ ನೆರಳಿಲ್ಲದ ದಿನ ಉಳಿದ ಮೂರು ಊರುಗಳಲ್ಲೂ ಎರಡು ಮೀಟರಿನ ಕಂಬ ನಿಲ್ಲಿಸಿ, ಗಾರೆ ಮೇಸ್ತ್ರಿಯ ತೂಕದ ಗುಂಡು ಬಿಟ್ಟು ನೆಟ್ಟಗಿದೆಯೇ ನೋಡಿಕೊಳ್ಳಿ. ನೆತ್ತಿಯ ಹೊತ್ತಿಗೆ ನೆರಳಿನ ತುದಿಗೆ ಗುರುತು ಹಾಕಿ. ಪಾಂಡವಪುರದಲ್ಲಿ ಬೀಳುವುದು ಮೂರು ಮಿಲಿಮೀಟರಿನಷ್ಟು, ಕೆ.ಆರ್.ಪೇಟೆಯಲ್ಲಿ ಎಂಟೂವರೆ ಮಿಲಿಮೀಟರಿನ ಆಸುಪಾಸು, ನಾಗಮಂಗಲದಲ್ಲಿ ಹದಿನಾಲ್ಕು. ನೆರಳಿನ ಅಂಚು ಮಸುಕಾಗಿರುತ್ತದೆ, ಆದ್ದರಿಂದ ಹಲವರು ಬೇರೆ ಬೇರೆಯಾಗಿ ಗುರುತು ಹಾಕಿ ಸರಾಸರಿ ತೆಗೆಯಬೇಕು. ನಾಗಮಂಗಲದ ಹದಿನಾಲ್ಕು ಮಿಲಿಮೀಟರನ್ನು ಎರಡು ಮೀಟರಿನಿಂದ ಭಾಗಿಸಿದರೆ 0.007. ಲಂಬದಿಂದ ಅಳೆದ ಯಾವ ಕೋನದ ಟ್ಯಾನ್ ಇದು? 0.4 ಡಿಗ್ರಿಯದು. ನಕ್ಷೆಯ ಮೇಲೆ ಶ್ರೀರಂಗಪಟ್ಟಣದಿಂದ ನಾಗಮಂಗಲ ಉತ್ತರಕ್ಕೆ ಸುಮಾರು 44 ಕಿಲೋಮೀಟರ್. 0.4 ಡಿಗ್ರಿಗೆ 44 ಕಿಲೋಮೀಟರ್ ಆದರೆ ಸುತ್ತಿನ 360 ಡಿಗ್ರಿಗೆ 39,600 ಕಿಲೋಮೀಟರ್. ಭೂಮಿಯ ಸುತ್ತಳತೆ ಸುಮಾರು 40,000. ಎರಟೊಸ್ತನೀಸ್ ಎಂಬ ಗ್ರೀಕ್ ಪಂಡಿತ ಈಜಿಪ್ಟಿನಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದೆ ಮಾಡಿದ್ದು ಇದನ್ನೇ. ನೆರಳು ಓದುವಾಗ ಒಂದು ಮಿಲಿಮೀಟರ್ ತಪ್ಪಿದರೆ ಉತ್ತರ ಎರಡೂವರೆಯಿಂದ ಮೂರು ಸಾವಿರ ಕಿಲೋಮೀಟರ್ ತಪ್ಪುತ್ತದೆ. ಅದನ್ನೂ ಮಕ್ಕಳೇ ಲೆಕ್ಕ ಹಾಕಲಿ.

ನಾಲ್ಕು ಊರಿನ ಅಳತೆಗಳನ್ನು ಫೋನಿನಲ್ಲಿ ಕೇಳಿ ಬರೆದುಕೊಂಡು ಗ್ರಾಫ್ ಹಾಳೆಯ ಮೇಲೆ ಗುರುತಿಸಿದರೆ ನಾಲ್ಕು ಚುಕ್ಕಿಗಳೂ ಹೆಚ್ಚುಕಡಿಮೆ ಒಂದೇ ನೇರ ಗೆರೆಯಲ್ಲಿ ಬರುತ್ತವೆ. ಆಗ ಜಾಣ ಹುಡುಗಿಯೊಬ್ಬಳು ಎದ್ದು ನಿಂತು, 'ಟ್ಯಾನ್ ನೇರವಾಗಿ ಏರಲ್ಲ ಅಂತ ಅಷ್ಟು ದಿನ ಹೇಳಿದ್ರಲ್ಲಾ ಸಾರ್, ಇಲ್ಲಿ ದೂರ ಎರಡರಷ್ಟಾದ್ರೆ ನೆರಳೂ ಎರಡರಷ್ಟು ಬಂತಲ್ಲಾ?' ಎಂದು ಕೇಳುತ್ತಾಳೆ. ಕೇಳಲೇಬೇಕು. ಅವಳಿಗೆ ಸೊನ್ನೆಯಿಂದ ಅರವತ್ತು ಡಿಗ್ರಿಯವರೆಗೆ ಟ್ಯಾನ್‌ನ ಗ್ರಾಫ್ ಎಳೆಯಲು ಹೇಳಿ. ಸೊನ್ನೆಯ ಹತ್ತಿರ, ಮೊದಲ ಕೆಲವು ಡಿಗ್ರಿಗಳಲ್ಲಿ, ಆ ಬಾಗಿದ ಗೆರೆಯನ್ನು ಸ್ಕೇಲಿಟ್ಟು ಎಳೆದದ್ದರಿಂದ ಬೇರೆ ಮಾಡಿ ಗುರುತಿಸಲು ಅವಳಿಗೇ ಆಗುವುದಿಲ್ಲ.